ಲೈಟ್ ಹತ್ತೇತಿ, ತಂತಿ ಸರಿ ಐತೇನು?

ಮಳೆಗಾಲ ಬಂತೆಂದರೆ ಸಾಂಗಲಿಯಲ್ಲಿ ಇಬ್ಬರು ಭೇಟಿಯಾದಾಗ ಮೊದಲು ಬರುವ ಮಾತು ‘ಆಯರ್ವಿನ್‌ಗೆ ಎಷ್ಟು ಫೂಟ್ ಆಗೇತಿ?’ 1929ರಲ್ಲಿ ಕೃಷ್ಣೆಯ ಮೇಲೆ ಕಟ್ಟಿದ ಆ ಸೇತುವೆಯ ಹತ್ತಿರ ನೀರು 40 ಅಡಿ ಮುಟ್ಟಿದರೆ ಎಚ್ಚರಿಕೆ, 45 ಮುಟ್ಟಿದರೆ ಅಪಾಯ. 2019ರ ಆಗಸ್ಟ್‌ನಲ್ಲಿ 57 ದಾಟಿತ್ತು. ಹೊಳೆಯಲ್ಲಿ ನೀರಿದೆಯೇ ಎಂದು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ, ಎಷ್ಟಿದೆ ಎಂದೇ ಕೇಳುತ್ತಾರೆ. ಇಷ್ಟು ಲೆಕ್ಕಬದ್ಧ ಜನ ಮನೆಯ ರೌಟರ್ ಮುಂದೆ ನಿಂತಾಗ ಮಾತ್ರ ‘ಹಸಿರು ಲೈಟ್ ಹತ್ತೇತಿ, ತಂತಿ ಸರಿ ಐತಿ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಎಷ್ಟು ಎಂದು ಕೇಳುವುದೇ ಇಲ್ಲ.

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಇಂಟರ್ನೆಟ್ ನಿಧಾನದ ದೂರಿಗೆ ಕೊನೆಯಿಲ್ಲ. ಮಿರಜಿನಿಂದ, ಕುಪ್ವಾಡದಿಂದ, ಜತ್ ತಾಲ್ಲೂಕಿನ ಉಮದಿ, ಸಂಖ ಕಡೆಯಿಂದಲೂ ಬರೆಯುತ್ತಾರೆ. ಹೆಚ್ಚಿನವರು ರೌಟರನ್ನು ಆಗಲೇ ಆರಿಸಿ ಹಚ್ಚಿ ನೋಡಿರುತ್ತಾರೆ, ಕೆಲವರು ಹೊಸದನ್ನೇ ಕೊಂಡುಬಿಟ್ಟಿರುತ್ತಾರೆ. ರೌಟರಿಗೆ ಚುಚ್ಚಿದ ಆ ನೀಲಿಯದೋ ಬೂದಿಯದೋ ಲ್ಯಾನ್ ವೈರನ್ನು ಬಿಚ್ಚಿ ನೋಡಿದವರು ಮಾತ್ರ ತೀರ ಕಡಿಮೆ. ಈ ವಾರ ಬರೇ ಆ ವೈರಿನ ಮಾತು. ಫೈಬರ್, ವೈಫೈ ಇವೆರಡನ್ನೂ ಪಕ್ಕಕ್ಕಿಡುತ್ತೇನೆ.

ಪಕ್ಕಕ್ಕಿಡುವುದಕ್ಕೂ ಮೊದಲು ಯಾವುದು ಎಲ್ಲಿ ಮುಗಿಯುತ್ತದೆ ಎಂದು ಹೇಳಬೇಕು. ಕಂಬದಿಂದ ಮನೆಯೊಳಗೆ ಬರುವ ಕೂದಲಿನಂಥ ಎಳೆ ಫೈಬರ್. ಅದು ಬಂದು ಸೇರುವ ಡಬ್ಬಿಯ ಮೇಲೆ ‘ಪಾನ್’, ‘ಲಾಸ್’ ಎಂಬ ಎರಡು ದೀಪಗಳಿರುತ್ತವೆ. ಲಾಸ್ ಕೆಂಪಗೆ ಮಿಣುಕಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಅದು ಕಂಪನಿಯವರ ಕೆಲಸ, ನೀವು ಮನೆಯಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಆ ಡಬ್ಬಿಯಿಂದ ರೌಟರಿಗೆ, ರೌಟರಿನಿಂದ ಕಂಪ್ಯೂಟರಿಗೆ, ಟೀವಿಗೆ, ಕ್ಯಾಮೆರಾ ಪೆಟ್ಟಿಗೆಗೆ ಹೋಗುವ ತಾಮ್ರದ ವೈರೇ ಈಥರ್ನೆಟ್. ಎಷ್ಟೋ ಕಡೆ ಡಬ್ಬಿ, ರೌಟರ್ ಎರಡೂ ಒಂದೇ ಆಗಿರುತ್ತವೆ, ಆಗ ವೈರಿನ ಒಂದು ತುಂಡು ಕಡಿಮೆ. ಇನ್ನು ಫೋನಿನ ಮೇಲೆ ಕಾಣುವ ವೈಫೈ ಕಡ್ಡಿಗಳು ನಿಮ್ಮ ಫೋನಿಗೂ ರೌಟರಿಗೂ ನಡುವಿನ ಗಾಳಿಯ ಸಂಗತಿಯನ್ನಷ್ಟೇ ಹೇಳುತ್ತವೆ. ಕಡ್ಡಿ ಪೂರ್ತಿ ಇದ್ದೂ ರೌಟರಿನ ಬೆನ್ನಿಗೆ ಚುಚ್ಚಿದ ವೈರು ಸತ್ತಿರಬಹುದು. ‘ವೈಫೈ ಫುಲ್ ಐತ್ರಿ, ನೆಟ್ ಇಲ್ರಿ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅವರ ಕೈಯಲ್ಲಿ. ಆಗ ಒಂದು ದಪ್ಪ ಕೇಬಲ್ ಇಡೀ ಕಟ್ಟಡದಲ್ಲಿ ಹಾಯ್ದುಹೋಗುತ್ತಿತ್ತು, ಎಲ್ಲ ಯಂತ್ರಗಳೂ ಅದಕ್ಕೇ ಜೋತುಬಿದ್ದಿರುತ್ತಿದ್ದವು. ಒಬ್ಬ ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ಇಬ್ಬರು ಒಮ್ಮೆಲೇ ಬಾಯಿ ತೆರೆದರೆ ಡಿಕ್ಕಿ. ಇಬ್ಬರೂ ತಡೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಬೇಕು. ಈ ಹಳೆಯ ಶಿಸ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮಿರಜಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಅದು ಎದುರಾಗುತ್ತದೆ. ಈಗ ನಾವು ಕಾಣುವ ಹೆಣೆದ ಎಳೆಗಳ ವೈರು ಶಿಷ್ಟವಾಗಿ ಬಂದಿದ್ದು 1990ರಲ್ಲಿ. ಸೆಕೆಂಡಿಗೆ 10 ಮೆಗಾಬಿಟ್ ಅದರ ವೇಗ. 1995ರಲ್ಲಿ 100, 1999ರಲ್ಲಿ 1000. ನಮ್ಮ ಮನೆಗಳಲ್ಲಿ ಈಗಲೂ ಈ ಮೂರು ಅಂಕಿಗಳ ನಡುವೆಯೇ ಆಟ ನಡೆದಿದೆ.

ಹಾಗಾದರೆ ಆ ದೀಪ ಏನು ಹೇಳುತ್ತದೆ? ವೈರಿನ ಎರಡೂ ತುದಿಯ ಸಾಧನಗಳು ಸುಮ್ಮನಿದ್ದಾಗಲೂ ಒಂದಕ್ಕೊಂದು ಸಣ್ಣ ಮಿಡಿತ ಕಳಿಸುತ್ತಿರುತ್ತವೆ. 10 ಮೆಗಾಬಿಟ್ ಕಾಲದಲ್ಲಿ ಅದು 16 ಮಿಲಿಸೆಕೆಂಡಿಗೊಂದು ಒಂಟಿ ಮಿಡಿತವಾಗಿತ್ತು. ಆಮೇಲೆ ಅದೇ ಜಾಗದಲ್ಲಿ ಮಿಡಿತಗಳ ಗುಚ್ಛ ಬಂತು. ಆ ಗುಚ್ಛದೊಳಗೇ ‘ನನಗೆ 1000 ಆಗುತ್ತದೆ, 100 ಆಗುತ್ತದೆ, ಎರಡೂ ಕಡೆಯಿಂದ ಒಮ್ಮೆಲೇ ಮಾತಾಡಲು ಬರುತ್ತದೆ’ ಎಂಬ ತನ್ನ ಕುಲಗೋತ್ರವನ್ನೆಲ್ಲ ಪ್ರತಿ ಸಾಧನವೂ ಹೇಳಿಕೊಳ್ಳುತ್ತದೆ. ಇಬ್ಬರಿಗೂ ಒಪ್ಪುವ ದೊಡ್ಡ ವೇಗಕ್ಕೆ ಮಾತು ಕುದುರುತ್ತದೆ. ಇದಕ್ಕೆ ಆಟೊ ನೆಗೋಶಿಯೇಶನ್ ಎನ್ನುತ್ತಾರೆ. ವೈರನ್ನು ಬಿಚ್ಚಿ ಮತ್ತೆ ‘ಖಟ್’ ಎಂದು ಸದ್ದು ಬರುವಂತೆ ಚುಚ್ಚಿ ನೋಡಿ: ದೀಪ ತಕ್ಷಣ ಹತ್ತುವುದಿಲ್ಲ, ಎರಡು ಮೂರು ಸೆಕೆಂಡು ತಡೆಯುತ್ತದೆ. ಆ ತಡೆ ಈ ಮಾತುಕತೆಯದು. ದೀಪ ಹತ್ತಿತೆಂದರೆ ಯಾವುದೋ ಒಂದು ವೇಗಕ್ಕೆ ಒಪ್ಪಂದವಾಗಿದೆ ಎಂದಷ್ಟೇ ಅರ್ಥ. ಯಾವ ವೇಗಕ್ಕೆ, ಆ ಒಪ್ಪಂದ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಮಿಣುಕುತ್ತಿದ್ದರೆ ಮಾಹಿತಿ ಹರಿಯುತ್ತಿದೆ. ಬಣ್ಣದ ವಿಷಯದಲ್ಲಿ ಕಂಪನಿಗೊಂದು ರೀತಿ. ಒಬ್ಬರ ಕಿತ್ತಳೆ ಎಂದರೆ 100, ಇನ್ನೊಬ್ಬರ ಕಿತ್ತಳೆ ಎಂದರೆ 1000, ಮತ್ತೊಬ್ಬರದು ಬರೀ ಅಲಂಕಾರ. ಡಬ್ಬಿಯ ಜೊತೆ ಬಂದ ಚೀಟಿಯನ್ನು ಎಸೆಯಬೇಡಿ ಎಂದು ನಾನು ಹೇಳುವುದು ಇದಕ್ಕೇ. ಈಚೆಗಿನ ಕೆಲವು ರೌಟರ್‌ಗಳಲ್ಲಿ ಸಾಕೆಟ್ಟಿನ ದೀಪವನ್ನೇ ತೆಗೆದುಬಿಟ್ಟಿದ್ದಾರೆ. ನೋಡಲು ಚೆಂದ, ರಿಪೇರಿಗೆ ಕುರುಡು. ನನಗೆ ಇದು ಸುತಾರಾಂ ಇಷ್ಟವಿಲ್ಲ.

ಆದ್ದರಿಂದ ದೀಪ ಬಿಟ್ಟು ಅಂಕಿಗೆ ಬನ್ನಿ. ವಿಂಡೋಸ್ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್, ಅದರೊಳಗೆ ಈಥರ್ನೆಟ್ ಒತ್ತಿದರೆ ‘ಲಿಂಕ್ ಸ್ಪೀಡ್’ ಎಂಬ ಸಾಲು ಸಿಗುತ್ತದೆ. ಲಿನಕ್ಸ್ ಬಳಸುವವರಿಗೆ ಈಥ್‌ಟೂಲ್ ಎಂಬ ಆಜ್ಞೆ ಗೊತ್ತಿರುತ್ತದೆ. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಫೋನಿನ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿ ರೌಟರಿನ ಒಳಪುಟಕ್ಕೆ ಹೋಗಬಹುದು. ವಿಳಾಸ, ಗುಪ್ತಪದ ರೌಟರಿನ ಹೊಟ್ಟೆಯ ಕೆಳಗಿನ ಚೀಟಿಯಲ್ಲಿರುತ್ತವೆ. ಅಲ್ಲಿ ಸ್ಟೇಟಸ್ ಎಂಬ ಕಡೆ ವ್ಯಾನ್ ಮತ್ತು ಲ್ಯಾನ್ ಸಾಕೆಟ್ಟುಗಳ ವೇಗ ಬರೆದಿರುತ್ತದೆ, ಎಲ್ಲ ರೌಟರ್‌ಗಳಲ್ಲಿ ಅಲ್ಲದಿದ್ದರೂ ಬಹಳಷ್ಟರಲ್ಲಿ. 1000 ಎಂದಿದ್ದರೆ ಈ ವಿಷಯಕ್ಕೆ ಸಮಾಧಾನ. 100 ಎಂದಿದ್ದರೆ ಎರಡು ಅರ್ಥ. ಒಂದು, ಎರಡು ತುದಿಗಳಲ್ಲಿ ಯಾವುದೋ ಒಂದರ ಸಾಕೆಟ್ಟೇ 100ರದ್ದು. ಡಬ್ಬಿಯ ಮೇಲೆ 1200 ಎಂದು ಗೋಡೆಬರಹದಷ್ಟು ದೊಡ್ಡದಾಗಿ ಬರೆದು, ಬೆನ್ನಿಗೆ ಮಾತ್ರ 100ರ ಸಾಕೆಟ್ಟು ಕೊಟ್ಟ ರೌಟರ್‌ಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ಆ 1200 ವೈಫೈಯ ಎರಡು ಅಲೆಗಳ ವೇಗವನ್ನು ಕೂಡಿಸಿ ಬರೆದ ಅಂಕಿ. ಟೀವಿಗಳಲ್ಲೂ ಎಷ್ಟೋ ಸಲ 100ರ ಸಾಕೆಟ್ಟೇ ಇರುತ್ತದೆ, ಸಿನಿಮಾ ನೋಡಲು ಅದು ಸಾಕು, ಅದನ್ನು ದೋಷವೆನ್ನಬೇಡಿ. ಎರಡನೆಯ ಅರ್ಥ, ಎರಡೂ ತುದಿ 1000ಕ್ಕೆ ಸಮರ್ಥವಾಗಿದ್ದೂ 100ಕ್ಕೆ ಇಳಿದಿವೆ. ಆಗ ವೈರನ್ನು ಹಿಡಿಯಿರಿ.

ವೇಗ ಅಳೆಯುವ ತಾಣದಲ್ಲಿ ನೋಡುವವರಿಗೂ ಒಂದು ಗುರುತು ಹೇಳುತ್ತೇನೆ. ನೀವು 200ರ ಪ್ಲಾನಿಗೆ ದುಡ್ಡು ಕಟ್ಟುತ್ತಿದ್ದು, ಹಗಲೂ ರಾತ್ರಿ ಯಾವಾಗ ಅಳೆದರೂ 94ರ ಆಸುಪಾಸಿನಲ್ಲಿ ನಿಂತರೆ, ಕಂಪನಿಯನ್ನು ಬೈಯುವ ಮೊದಲು ಲಿಂಕ್ ಸ್ಪೀಡ್ ನೋಡಿ. ಈಥರ್ನೆಟ್ ಮೇಲೆ ಹೋಗುವ ಪ್ರತಿ ಪೊಟ್ಟಣಕ್ಕೂ ವಿಳಾಸ, ಮುನ್ನುಡಿ, ನಡುವಿನ ಬಿಡುವು ಎಂದು ಖರ್ಚಿದೆ. ವೈರಿನ ಮೇಲೆ 1538 ಬೈಟುಗಳ ಜಾಗ ಹಿಡಿದರೆ ನಿಮ್ಮ ಪಾಲಿಗೆ ಸಿಗುವುದು 1460. ಹೀಗಾಗಿ 100ರ ವೈರಿನಲ್ಲಿ ಕೈಗೆ ಬರುವುದು ಹೆಚ್ಚೆಂದರೆ 95ರ ಒಳಗೆ. ಹೊರಗಿನ ಲೈನಿನ ದಟ್ಟಣೆಯಿಂದ ನಿಧಾನವಾಗಿದ್ದರೆ ಅಂಕಿ ಏರಿಳಿಯುತ್ತಿರುತ್ತದೆ. 94ಕ್ಕೆ ಅಂಟಿಕೊಂಡು ಕೂತಿದ್ದರೆ ತಡೆ ಮನೆಯೊಳಗೇ ಇದೆ.

ಈಗ ವೈರು. ಒಳಗೆ ಎಂಟು ಎಳೆ, ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿ ಬಣ್ಣಕ್ಕೂ ಬಿಳಿ ಪಟ್ಟೆಯ ಒಂದು ಜೊತೆಗಾರ. ನಮ್ಮ ಕಡೆಯ ಫಿಟ್ಟರುಗಳು ಸಾಮಾನ್ಯವಾಗಿ ಹಾಕುವ ಕ್ರಮ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. 10 ಮತ್ತು 100ರ ವೇಗಕ್ಕೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಇದರಿಂದ ಒಂದು ವಿಚಿತ್ರ ಪರಿಣಾಮವಾಗುತ್ತದೆ. ಕಂದು ಜೋಡಿಯ ಒಂದು ಎಳೆ ಕಿಟಕಿಯ ಸಂದಿಯಲ್ಲಿ ಸಿಕ್ಕಿ ಮುರಿದಿದೆ ಎನ್ನಿ. ಮಾತುಕತೆ ನಡೆಯುವುದು ಕಿತ್ತಳೆ, ಹಸಿರು ಜೋಡಿಯ ಮೇಲೆ. ಹಾಗಾಗಿ ಎರಡೂ ತುದಿ ಖುಷಿಯಿಂದ 1000ಕ್ಕೆ ಒಪ್ಪಿಬಿಡುತ್ತವೆ. ಒಪ್ಪಿದ ಮೇಲೆ ನಾಲ್ಕೂ ಜೋಡಿಯ ಮೇಲೆ ತಾಲೀಮು ಶುರುವಾಗಿ, ಕಂದು ಉತ್ತರಿಸದೆ ಕುಸಿದುಬೀಳುತ್ತದೆ. ಮತ್ತೆ ಮಾತುಕತೆ, ಮತ್ತೆ ಕುಸಿತ. ಜಾಣ ಸಾಧನವಾದರೆ ಕೆಲವು ಸಲ ಸೋತು ತಾನಾಗಿ 100ಕ್ಕೆ ಇಳಿದು ಹೇಗೋ ಸಂಸಾರ ಸಾಗಿಸುತ್ತದೆ. ಆ ಜಾಣತನ ಇಲ್ಲದ್ದಾದರೆ ದೀಪ ಹತ್ತುವುದು, ಆರುವುದು, ಹತ್ತುವುದು, ಅಷ್ಟೇ. ‘ಹಳೇ ಲ್ಯಾಪ್‌ಟಾಪಿಗೆ ಇದೇ ವೈರ್ ನಡೀತೈತ್ರಿ, ಹೊಸಾದಕ್ಕ ನಡೀವಲ್ದು’ ಎಂದು ಒಬ್ಬರು ಬರೆದಿದ್ದರು. ಹಳೆಯದರ ಸಾಕೆಟ್ಟು 100ರದ್ದು, ಅದಕ್ಕೆ ಆ ಮುರಿದ ಎಳೆ ಬೇಕೇ ಇರಲಿಲ್ಲ.

ಎಳೆ ಮುರಿಯದೆಯೂ ಹೀಗಾಗುತ್ತದೆ. ಒಂದು ವೈರಿನಲ್ಲಿ ಎಂಟು ಎಳೆ ಇವೆ, 100ಕ್ಕೆ ನಾಲ್ಕು ಸಾಕು ಎಂದು ಲೆಕ್ಕ ಹಾಕಿ, ಅದನ್ನೇ ಸೀಳಿ ಎರಡು ಕನೆಕ್ಷನ್ ಕೊಟ್ಟ ಬುದ್ಧಿವಂತರು ನಮ್ಮಲ್ಲಿ ಇದ್ದರು. ಅಂದಿನ ಪ್ಲಾನುಗಳಿಗೆ ಅದು ತಪ್ಪೂ ಆಗಿರಲಿಲ್ಲ. ಪ್ಲಾನು ಬದಲಾಯಿತು, ಗೋಡೆಯೊಳಗಿನ ವೈರು ಹಾಗೇ ಉಳಿಯಿತು. ಇನ್ನೊಂದು, ವೈರಿನ ಜಾತಿ. ಅಗ್ಗದ ಬಂಡಲುಗಳಲ್ಲಿ ಒಳಗೆ ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಬೆಳ್ಳಗೆ ಕಂಡರೆ ಗುಟ್ಟು ರಟ್ಟು. ಅದರ ಪ್ರತಿರೋಧ ಹೆಚ್ಚು, ಬಗ್ಗಿಸಿದರೆ ಮುರಿಯುವುದೂ ಬೇಗ, ಜಾಕಿನ ಹಲ್ಲಿನ ಕೆಳಗೆ ಕಾಲಕ್ರಮೇಣ ಸಡಿಲಾಗುವುದೂ ಉಂಟು. ಕ್ಯಾಟ್ 5ಇ ಎಂಬ ಮಟ್ಟದ ವೈರು ತಾಮ್ರದ್ದೇ ಆಗಿರಬೇಕೆಂಬುದು ನಿಯಮ. ಮೀಟರಿಗೆ ನಾಲ್ಕಾರು ರೂಪಾಯಿ ಉಳಿಸಿ, ಗೋಡೆ ಒಡೆಯುವ ಖರ್ಚನ್ನು ಮುಂದಕ್ಕೆ ಹಾಕುವ ವ್ಯಾಪಾರ ಅದು.

ಫಿಟ್ಟರ್ ಬಂದಾಗ ಅವನ ಕೈಯಲ್ಲಿ ಎರಡು ತುಂಡಿನ ಒಂದು ಟೆಸ್ಟರ್ ಇರುತ್ತದೆ. ಒಂದನ್ನು ಈ ತುದಿಗೆ, ಒಂದನ್ನು ಆ ತುದಿಗೆ ಚುಚ್ಚಿದರೆ 1ರಿಂದ 8ರ ವರೆಗೆ ದೀಪ ಸಾಲಾಗಿ ಹತ್ತುತ್ತಾ ಹೋಗುತ್ತವೆ. ‘ಬಘಾ, ಆಠೀ ಓಕೆ’ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟು ಹೊರಡುತ್ತಾನೆ. ಎಂಟೂ ಎಳೆ ತುಂಡಾಗಿಲ್ಲ, ಅದಲುಬದಲಾಗಿಲ್ಲ ಎಂಬುದನ್ನು ಆ ಟೆಸ್ಟರ್ ಸರಿಯಾಗಿಯೇ ಹೇಳುತ್ತದೆ. ಅದಕ್ಕೆ ಕಾಣದ್ದು ಒಂದಿದೆ. ಸಾಕೆಟ್ಟಿನ ಮೂರನೆಯ ಮತ್ತು ಆರನೆಯ ಹಲ್ಲು ಒಂದು ಜೋಡಿ; ಅದಕ್ಕೇ ಹಸಿರಿನ ಇಬ್ಬರನ್ನು ಬೇರೆ ಮಾಡಿ ನಡುವೆ ನೀಲಿಯನ್ನು ಕೂರಿಸುವುದು. ಹೊಸ ಹುಡುಗರು ಇದನ್ನರಿಯದೆ ಬಣ್ಣಬಣ್ಣಕ್ಕೆ ಜೊತೆಮಾಡಿ ಸಾಲಾಗಿ ಕ್ರಿಂಪ್ ಮಾಡಿಬಿಡುತ್ತಾರೆ, ಎರಡೂ ತುದಿಗೆ ಹಾಗೆಯೇ. ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತುತ್ತವೆ. ಆದರೆ ಒಂದೇ ಸಂಕೇತ ಬೇರೆ ಬೇರೆ ಹೆಣಿಗೆಯ ಎರಡು ಎಳೆಗಳಲ್ಲಿ ಹೋಗುತ್ತಿರುತ್ತದೆ. ಎಳೆಗಳನ್ನು ಹೆಣೆದಿರುವುದೇ ಹೊರಗಿನ ಗದ್ದಲ ಇಬ್ಬರ ಮೇಲೂ ಸಮನಾಗಿ ಬಿದ್ದು ಹೊಡೆದುಹೋಗಲಿ ಎಂದು. ಹೆಣಿಗೆ ತಪ್ಪಿದರೆ ಆ ರಕ್ಷಣೆ ಹೋಯಿತು; ಪಕ್ಕದ ಜೋಡಿಯ ಮಾತು ಇದರ ಕಿವಿಗೆ ಬೀಳುತ್ತದೆ. ಒಂದೆರಡು ಮೀಟರಿನ ತುಂಡಿನಲ್ಲಿ ನಡೆದೀತು, ಮಹಡಿಯಿಂದ ಮಹಡಿಗೆ ಹೋದ ವೈರಿನಲ್ಲಿ ಗೋಳು. ಇದನ್ನು ನೋಡಲು ಯಾವ ಯಂತ್ರವೂ ಬೇಡ. ಜಾಕ್ ಪಾರದರ್ಶಕವಾಗಿರುತ್ತದೆ, ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ಓದಿ. ಹೊರಗಿನ ರಬ್ಬರು ಜಾಕಿನ ಒಳಗಿನ ತನಕ ಹೋಗಿದೆಯೇ ಎಂದೂ ನೋಡಿ. ಒಂದು ಇಂಚು ಎಳೆಗಳು ಬೋಳಾಗಿ ಹೊರಗೆ ಕಾಣುತ್ತಿದ್ದರೆ ಆ ಕ್ರಿಂಪಿಂಗ್ ಕತ್ತರಿಸಿ ಹೊಸದು ಹಾಕಿಸಿ.

ಸಾಂಗಲಿಗೆ ಇನ್ನೊಂದು ಕಾಟವಿದೆ. 2019ರ ಮಹಾಪೂರದಲ್ಲಿ, ಮತ್ತೆ 2021ರ ಜುಲೈನಲ್ಲಿ ನೀರು ನುಗ್ಗಿದ ಅಂಗಡಿ, ಮನೆಗಳಲ್ಲಿ ಸಾಮಾನು ಬದಲಾಯಿತು, ಸುಣ್ಣ ಬಳಿದದ್ದಾಯಿತು, ಗೋಡೆಯ ಪೈಪಿನೊಳಗಿನ ಲ್ಯಾನ್ ವೈರು ಮಾತ್ರ ಕೆಲವೆಡೆ ಹಾಗೇ ಇದೆ. ಹೊರಗಿನ ರಬ್ಬರು ಒಣಗಿತೆಂದು ಒಳಗಿನದೂ ಒಣಗಿತೆಂದಲ್ಲ. ತುದಿಯಿಂದ ಒಳಹೊಕ್ಕ ತೇವ ಎಳೆಗಳ ಸಂದಿಯಲ್ಲಿ ದೂರದವರೆಗೆ ಹರಿಯುತ್ತದೆ. ಎಳೆಗಳ ನಡುವೆ ಗಾಳಿಯಿದ್ದ ಕಡೆ ನೀರು ಕೂತರೆ ಸಂಕೇತ ಬೇಗ ಸೊರಗುತ್ತದೆ, ಜಾಕಿನ ಹಲ್ಲುಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಪೂರದ ನೀರು ಕುಡಿದ ವೈರನ್ನು ಒಣಗಿಸಿ ಉಳಿಸಿಕೊಳ್ಳುವ ಆಸೆ ಬಿಡಿ ಎಂಬುದು ನನ್ನ ಮಾತು. ಪೈಪಿನಿಂದ ಎಳೆದು ಹೊಸದು ಹಾಕಿಸಿ.

ಇಂಥ ಸೊರಗಿದ ವೈರಿನ ಲಿಂಕು ಎದ್ದಿರುತ್ತದೆ, ಅಂಕಿಯೂ 1000 ಎಂದೇ ತೋರಿಸಬಹುದು. ಪ್ರತಿ ಪೊಟ್ಟಣದ ಬಾಲಕ್ಕೆ 32 ಬಿಟ್ಟುಗಳ ಒಂದು ತಾಳೆಯ ಅಂಕೆ ಇರುತ್ತದೆ. ಬಂದದ್ದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ರೌಟರ್ ಆ ಪೊಟ್ಟಣವನ್ನು ಯಾರಿಗೂ ಹೇಳದೆ ಎಸೆಯುತ್ತದೆ. ಕಳಿಸಿದವನು ಉತ್ತರ ಬರಲಿಲ್ಲವೆಂದು ಮತ್ತೆ ಕಳಿಸುತ್ತಾನೆ. ಫೈಲು ಇಳಿಸಿಕೊಳ್ಳುವವನಿಗೆ ಇದು ಕಾಣುವುದೇ ಇಲ್ಲ, ಸ್ವಲ್ಪ ನಿಧಾನ ಎನಿಸುತ್ತದೆ ಅಷ್ಟೇ. ಕಾಣುವುದು ಮಾತಿನಲ್ಲಿ, ಹಾಡಿನಲ್ಲಿ. ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ದೂರದ ಊರಿನವರಿಗೆ ವಿಡಿಯೊ ಕರೆಯಲ್ಲೇ ತಂಬೂರಿ ನುಡಿಸಿ ತೋರಿಸುವ ಅಂಗಡಿಯ ಒಬ್ಬರು ‘ಷಡ್ಜ ಹಿಡಿದ್ರ ನಡುವ ತುಂಡು ತುಂಡಾಗತೈತ್ರಿ, ಸ್ಪೀಡ್ ಟೆಸ್ಟ್ ನೋಡಿದ್ರ ಭರ್ತಿ ಐತ್ರಿ’ ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು. ನೇರ ಕರೆಯಲ್ಲಿ ಕಳೆದುಹೋದ ಪೊಟ್ಟಣವನ್ನು ಕಾಯುತ್ತ ಕೂರಲು ಹೊತ್ತಿಲ್ಲ, ಅಲ್ಲಿ ತೂತೇ ಉಳಿಯುತ್ತದೆ. ತಂಬೂರಿಯಂಥ ಎಡೆಬಿಡದ ನಾದದಲ್ಲಿ ಆ ತೂತು ಯಾರ ಕಿವಿಗೂ ತಪ್ಪುವುದಿಲ್ಲ.

ಇದನ್ನು ಹಿಡಿಯಲು ಪಿಂಗ್ ಸಾಕು. ವಿಂಡೋಸಿನ ಕಪ್ಪು ಕಿಟಕಿಯಲ್ಲಿ ಪಿಂಗ್ ಎಂದು ಬರೆದು, ರೌಟರಿನ ವಿಳಾಸ ಹಾಕಿ, ಒಂದು ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ ಅಕ್ಷರ ಹಾಕಿದರೆ ನೀವು ನಿಲ್ಲಿಸುವ ತನಕ ಅದು ಕೂಗುತ್ತಲೇ ಇರುತ್ತದೆ. ಹೊರಗಿನ ಯಾವುದೋ ತಾಣವನ್ನು ಕೂಗಬೇಡಿ, ನಿಮ್ಮ ರೌಟರನ್ನೇ ಕೂಗಿ. ನಾವು ಪರೀಕ್ಷಿಸುತ್ತಿರುವುದು ಇಲ್ಲಿಂದ ಅಲ್ಲಿಯವರೆಗಿನ ವೈರನ್ನು. ವೈಫೈ ಆರಿಸಿರಬೇಕು. ವೈರಿನಲ್ಲಿ ಉತ್ತರ ಒಂದು ಮಿಲಿಸೆಕೆಂಡಿನ ಒಳಗೆ ಬರಬೇಕು, ಒಂದೂ ತಪ್ಪಬಾರದು. ಸುಮ್ಮನೆ ಬಿಟ್ಟರೆ ಪಿಂಗ್ 32 ಬೈಟಿನ ಪುಟಾಣಿ ಪೊಟ್ಟಣ ಕಳಿಸುತ್ತದೆ, ಕೆಟ್ಟ ವೈರಿನಲ್ಲೂ ಅದು ನುಸುಳಿಬಿಡಬಹುದು. ಅಡ್ಡಗೆರೆ, ಎಲ್ ಅಕ್ಷರ, ಜಾಗ ಬಿಟ್ಟು 1400 ಎಂದು ಸೇರಿಸಿ ದೊಡ್ಡ ಪೊಟ್ಟಣ ಕಳಿಸಿ. ಉದ್ದ ಹೆಚ್ಚಾದಷ್ಟೂ ನಡುವೆ ಒಂದು ಬಿಟ್ಟಾದರೂ ಕೆಡುವ ಸಂಭವ ಹೆಚ್ಚು. ಪಿಂಗ್ ಓಡುತ್ತಿರುವಾಗಲೇ ವೈರನ್ನು ಜಾಕಿನ ಬುಡದಲ್ಲಿ ಮೆಲ್ಲಗೆ ಅಲ್ಲಾಡಿಸಿ. ಉತ್ತರ ತಪ್ಪಿದರೆ ಕಳ್ಳ ಅಲ್ಲೇ ಸಿಕ್ಕ. ಪಿಂಗ್ ಶುರುವೇ ಆಗದೆ, ಕಂಪ್ಯೂಟರಿನ ವಿಳಾಸ 169.254ರಿಂದ ಶುರುವಾಗಿದ್ದರೆ ರೌಟರಿನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ದೀಪ ಹತ್ತಿದ್ದೂ ಹೀಗಾದರೆ ಮೊದಲು ಇನ್ನೊಂದು ಸಾಕೆಟ್ಟಿಗೆ ಚುಚ್ಚಿ ನೋಡಿ.

ಈಗ ಆ ಸ್ಕ್ಯಾನಿಂಗ್ ಸೆಂಟರ್. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿಶನ್ ಆಸ್ಪತ್ರೆ ಶುರುಮಾಡಿದಂದಿನಿಂದ ಮಿರಜ್ ಎಂದರೆ ದವಾಖಾನೆಗಳ ಊರು. ಅಥಣಿ, ರಾಯಬಾಗ, ಜಮಖಂಡಿಯ ಕಡೆಯಿಂದ ರೈಲು, ಬಸ್ಸು ಹಿಡಿದು ಬರುವ ಕನ್ನಡ ರೋಗಿಗಳಿಂದ ಇಲ್ಲಿನ ಓಣಿಗಳು ತುಂಬಿರುತ್ತವೆ. ಅಂಥದೊಂದು ಸೆಂಟರಿನಲ್ಲಿ ಹೊಸ ರೌಟರ್ ಹಾಕಿದ ಮೇಲೆ ಸಿಟಿ ಸ್ಕ್ಯಾನಿನ ಚಿತ್ರಗಳು ಡಾಕ್ಟರರ ಕಂಪ್ಯೂಟರಿಗೆ ಹೋಗಲು ಜೀವ ತಿನ್ನುತ್ತಿದ್ದವು. ಅಲ್ಲಿನ ಹುಡುಗ ಅಥಣಿಯವ. ‘ಕಾಕಾ, ಲೈಟ್ ಹಸಿರು ಐತ್ರಿ, ಪಿಂಗ್‌ನೂ ಒಂದೂ ತಪ್ಪವಲ್ದು. ಫೋಟೊ ಅಷ್ಟ ಹೋಗವಲ್ಲವು. ಈ ರೌಟರ್ ವಾಪಸ್ ಕೊಡೂಣಂತಾರ್ರಿ ಸಾಹೇಬ್ರು’ ಎಂದ.

ಲೆಕ್ಕ ಹಾಕಿದರೆ ಅದು ದೊಡ್ಡ ಭಾರವೇನಲ್ಲ. ಸಿಟಿಯ ಒಂದು ಸೀಳುಚಿತ್ರ ಸಾಮಾನ್ಯವಾಗಿ 512 ಅಡ್ಡ, 512 ಉದ್ದ ಬಿಂದುಗಳದು, ಪ್ರತಿ ಬಿಂದುವಿಗೆ 2 ಬೈಟು. ಅಂದರೆ ಅರ್ಧ ಮೆಗಾಬೈಟು. 500 ಸೀಳುಗಳಾದರೆ ಸುಮಾರು 260 ಮೆಗಾಬೈಟು. 1000ರ ವೈರಿನಲ್ಲಿ ಎರಡು ಮೂರು ಸೆಕೆಂಡು, 100ರಲ್ಲಿ ಇಪ್ಪತ್ತು ಚಿಲ್ಲರೆ, ಕಡೆಗೆ 10ರಲ್ಲಿ ಹಿಡಿದರೂ ಮೂರೂವರೆ ನಿಮಿಷ. ಇಲ್ಲಿ ಅದಕ್ಕಿಂತಲೂ ಹೊತ್ತಾಗುತ್ತಿತ್ತು, ನಡುವೆ ನಿಂತೂ ಹೋಗುತ್ತಿತ್ತು. ವೈರು ಬದಲಿಸಿದೆವು, ಹಾಗೇ. ಸಾಕೆಟ್ಟು ಬದಲಿಸಿದೆವು, ಹಾಗೇ. ಆಮೇಲೆ ರೌಟರಿನ ಒಳಪುಟ ತೆರೆದರೆ ಡಾಕ್ಟರರ ಕಂಪ್ಯೂಟರಿನ ಸಾಕೆಟ್ಟಿನ ಎದುರು ‘100 ಹಾಫ್’ ಎಂದಿತ್ತು. ಹಾಫ್ ಎಂದರೆ 1973ರ ಆ ಹಳೆಯ ಶಿಸ್ತು: ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಮುಚ್ಚಿಕೊಂಡಿರಬೇಕು. ಡಾಕ್ಟರರ ಕಂಪ್ಯೂಟರಿನಲ್ಲಿ ನೋಡಿದರೆ ಅಲ್ಲಿ ‘100 ಫುಲ್’.

ಆದದ್ದಿಷ್ಟು. ಹಳೆಯ ಕಾಲದಲ್ಲಿ ಯಾರೋ ಆ ಕಂಪ್ಯೂಟರಿನ ವೇಗವನ್ನು ಕೈಯಾರೆ 100 ಫುಲ್ ಎಂದು ಕಟ್ಟಿಹಾಕಿದ್ದರು, ಬಹುಶಃ ಅಂದಿನ ಯಾವುದೋ ಪೆಟ್ಟಿಗೆಯ ಜೊತೆ ಹೊಂದಿಸಲು. ಕಟ್ಟಿಹಾಕಿದ ಮೇಲೆ ಅದು ಮಾತುಕತೆಗೆ ಬರುವುದಿಲ್ಲ. ಹೊಸ ರೌಟರ್ ಮಾತುಕತೆಗೆ ಕಾದು, ಉತ್ತರ ಬಾರದೆ, ಸಂಕೇತದ ಚಹರೆ ನೋಡಿ 100 ಎಂದು ತಾನೇ ಊಹಿಸಿಕೊಂಡಿತು. ಫುಲ್ಲೋ ಹಾಫೋ ಎಂದು ಚಹರೆಯಿಂದ ತಿಳಿಯುವಂತಿಲ್ಲ. ತಿಳಿಯದಿದ್ದಾಗ ಹಾಫ್ ಎಂದು ನಡೆದುಕೊಳ್ಳಬೇಕೆಂಬುದೇ ನಿಯಮ. ಈಗ ರೌಟರ್ ಚಿತ್ರ ಕಳಿಸುತ್ತಿರುವಾಗ ಕಂಪ್ಯೂಟರ್ ತನ್ನ ಪಾಡಿಗೆ ‘ಬಂತು, ಬಂತು’ ಎಂದು ರಸೀದಿ ಕಳಿಸುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಸರಿ, ರೌಟರಿನ ಲೆಕ್ಕದಲ್ಲಿ ಡಿಕ್ಕಿ. ರೌಟರ್ ಅರ್ಧ ಕಳಿಸಿದ ಪೊಟ್ಟಣವನ್ನು ಅಲ್ಲೇ ಕೈಬಿಡುತ್ತದೆ. ಕೆಲಸ ಹೆಚ್ಚಿದಷ್ಟೂ ಡಿಕ್ಕಿ ಹೆಚ್ಚು. ಪಿಂಗ್‌ನಲ್ಲಿ ಮಾತ್ರ ಒಬ್ಬ ಕೇಳಿ ಮುಗಿಸಿದ ಮೇಲೇ ಇನ್ನೊಬ್ಬ ಉತ್ತರಿಸುವುದರಿಂದ ಎಂದೂ ಡಿಕ್ಕಿಯಾಗುವುದಿಲ್ಲ, ಆದ್ದರಿಂದಲೇ ಅದು ಒಂದೂ ತಪ್ಪದೆ ಎಲ್ಲರ ಕಣ್ಣಿಗೆ ಮಣ್ಣೆರಚುತ್ತಿತ್ತು.

ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡು, ಅದರ ಅಡ್ವಾನ್ಸ್ಡ್ ಪುಟ, ‘ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್’ ಎಂಬ ಸಾಲನ್ನು ಆಟೊಗೆ ತಿರುಗಿಸಿದೆವು. ದೀಪ ಒಮ್ಮೆ ಆರಿ ಹತ್ತಿತು, ಅಂಕಿ 1000ಕ್ಕೆ ಏರಿತು, ಚಿತ್ರಗಳು ನೋಡನೋಡುವಷ್ಟರಲ್ಲಿ ಬಂದು ಕೂತವು. ‘ಅಂದ್ರ ರೌಟರ್‌ದು ತಪ್ಪಲ್ಲೇನ್ರಿ ಕಾಕಾ?’ ಎಂದು ಹುಡುಗ ಕೇಳಿದ. ಅದರದ್ದು ಏನೂ ತಪ್ಪಿರಲಿಲ್ಲ. ಒಂದು ಎಚ್ಚರಿಕೆ: ಇದು ಸಾದಾ ಕಂಪ್ಯೂಟರ್ ಆಗಿದ್ದಕ್ಕೆ ಕೈ ಹಾಕಿದೆವು. ಸ್ಕ್ಯಾನ್ ಯಂತ್ರದ ಒಳಗಿನ ಸೆಟ್ಟಿಂಗನ್ನು ಅದರ ಕಂಪನಿಯ ಇಂಜಿನಿಯರ್ ಬಿಟ್ಟು ಯಾರೂ ಮುಟ್ಟಬಾರದು. ಎರಡೂ ಕಡೆ ಆಟೊ, ಇಲ್ಲವೇ ಎರಡೂ ಕಡೆ ಕಟ್ಟಿಹಾಕಿದ ಒಂದೇ ಅಂಕಿ. ಒಂದು ಕಡೆ ಮಾತ್ರ ಕಟ್ಟಿಹಾಕುವುದು ಇಂದಿಗೂ ಆಫೀಸುಗಳಲ್ಲಿ ಕಾಣುವ ರೋಗ. 1000ರ ತಾಮ್ರದ ಲಿಂಕಿಗಂತೂ ಮಾತುಕತೆ ಕಡ್ಡಾಯ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾತು ಹೇಳದಿದ್ದರೆ ಈ ಊರುಗಳ ಓದುಗರು ನನ್ನನ್ನು ಬಿಡುವುದಿಲ್ಲ. ಮನೆಯ ಗಚ್ಚಿಯಿಂದ ಎದುರಿನ ಗೋದಾಮಿಗೆ, ಅಂಗಡಿಯಿಂದ ಹಿಂದಿನ ಮನೆಗೆ ಲ್ಯಾನ್ ವೈರನ್ನು ಗಾಳಿಯಲ್ಲೇ ಎಳೆದಿರುತ್ತಾರೆ. ಸಾಕೆಟ್ಟಿನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು 1500 ವೋಲ್ಟಿನ ತನಕ ತಡೆಯುವಂತೆ ಮಾಡಿರುತ್ತಾರೆ, ಹತ್ತಿರದ ಸಿಡಿಲಿನ ಏಟಿಗೆ ಅದು ಸಾಲದು. ಮಿಂಚು ಹೊಡೆದ ಮರುದಿನ ನಾಲ್ಕು ಸಾಕೆಟ್ಟುಗಳಲ್ಲಿ ಒಂದೇ ಸತ್ತು, ಉಳಿದ ಮೂರು ಸರಿಯಿರುವುದುಂಟು. ವೈರಿನ ತಪ್ಪೆಂದು ಹುಡುಕುವ ಮೊದಲು ಪಕ್ಕದ ಸಾಕೆಟ್ಟಿಗೆ ಚುಚ್ಚಿ ನೋಡಿದರೆ ಅರ್ಧ ದಿನ ಉಳಿಯುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರ ಬೇಡ, ಫೈಬರ್ ಎಳೆಸಿ. ಎರಡು ತುದಿಗೆ ಎರಡು ಪುಟ್ಟ ಕನ್ವರ್ಟರ್ ಬೇಕಾಗುತ್ತವೆ, ಖರ್ಚು ಒಂದು ರೌಟರ್ ಸುಟ್ಟುಕೊಳ್ಳುವುದಕ್ಕಿಂತ ಹೆಚ್ಚೇನಿಲ್ಲ. ತಾಮ್ರದ ಮಿತಿ 100 ಮೀಟರ್, ಗೋದಾಮು ಅದಕ್ಕಿಂತ ದೂರವಿದ್ದರಂತೂ ಬೇರೆ ದಾರಿಯಿಲ್ಲ.

ದೂರು ಕೊಟ್ಟು ಕಂಪನಿಯ ಹುಡುಗ ಮನೆಗೆ ಬಂದ ದಿನ ಒಂದು ಕೆಲಸ ಮಾಡಿಸಿ. ಫೈಬರ್ ಡಬ್ಬಿಗೆ ಅವನದೇ ವೈರಿನಿಂದ ಅವನದೇ ಲ್ಯಾಪ್‌ಟಾಪ್ ಜೋಡಿಸಿ ಲಿಂಕ್ ಸ್ಪೀಡ್ ಓದಲು ಹೇಳಿ. ಅದನ್ನೇ ನಿಮ್ಮ ರೌಟರಿನ ಲ್ಯಾನ್ ಸಾಕೆಟ್ಟಿನಲ್ಲಿ, ಆಮೇಲೆ ನಿಮ್ಮ ಮೇಜಿನ ಹತ್ತಿರದ ವೈರಿನ ತುದಿಯಲ್ಲಿ. ಮೂರೂ ಅಂಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಡಬ್ಬಿಯಲ್ಲೂ ರೌಟರಿನಲ್ಲೂ 1000 ಬಂದು ಮೇಜಿನಲ್ಲಿ 100 ಬಂದರೆ ಹೊಸ ರೌಟರ್ ಕೊಳ್ಳಬೇಡಿ, ಎರಡು ಜಾಕು ಮತ್ತು ಬೇಕಾದಷ್ಟು ಮೀಟರ್ ತಾಮ್ರದ ವೈರಿಗೆ ದುಡ್ಡು ತೆಗೆದಿಡಿ. ಡಬ್ಬಿಯಲ್ಲೇ 100 ಬಂದರೆ, ಆ ಚೀಟಿಯನ್ನು ಅವನ ಕೈಗೆ ಕೊಡಿ.